ಪುತ್ತೂರಿಗೆ ಆರು ಮೊಳೆ, ಕಡಬಕ್ಕೆ ಮೂರು

ನಾನು ಅಚ್ಚಿನ ಮೊಳೆ ಜೋಡಿಸಲು ಕಲಿತದ್ದು ಊರಿನ ಹೆಸರುಗಳಿಂದ. 1979ರ ಜೂನ್ ತಿಂಗಳು. ಹತ್ತನೆಯ ತರಗತಿ ಮುಗಿಸಿದವಳು ಆಲಂಕಾರಿನಿಂದ ಬಸ್ಸು ಹತ್ತಿ ಪುತ್ತೂರಿಗೆ ಬಂದು, ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಒಬ್ಬರು ಹಿರಿಯ ಕಂಪೋಸಿಟರ್ ಇದ್ದರು. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಮೊದಲ ದಿನ ನನ್ನ ಎಡಗೈಗೆ ಮೊಳೆ ಜೋಡಿಸುವ ಸ್ಟಿಕ್ಕು ಕೊಟ್ಟು, "ಮಗಾ, ಕಡಬ ಜೋಡಿಸು" ಎಂದರು.

ಕ, ಡ, ಬ. ಮೂರೇ ಮೊಳೆ. ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ಕ ಮತ್ತು ಡ ಎರಡಕ್ಕೂ ತಲೆಕಟ್ಟು ಉಂಟು, ಬ ಅಕ್ಷರಕ್ಕೆ ಅದೂ ಇಲ್ಲ. ಮಕ್ಕಳಿಗೆ ಕಲಿಸಲಿಕ್ಕೆಂದೇ ಯಾರೋ ಇಟ್ಟಂಥ ಹೆಸರು. "ಈಗ ಸುಳ್ಯ." ಸ, ಅದಕ್ಕೊಂದು ಕೊಂಬು, ಳ, ಯ-ಒತ್ತು. ನಾಲ್ಕು. "ಈಗ ಪುತ್ತೂರು." ಅಲ್ಲಿ ಕೈ ನಿಂತಿತು. ಪ ಹುಡುಕಿ, ಕೊಂಬು ಹುಡುಕಿ ಪಕ್ಕಕ್ಕಿಟ್ಟೆ. ಅಣ್ಣ ಎರಡನ್ನೂ ತೆಗೆದು ಮೊಳೆಯ ಕೇಸಿಗೆ ಹಾಕಿ, ಅದರ ಬೇರೊಂದು ಮನೆಯಿಂದ ಒಂದೇ ಮೊಳೆ ತೆಗೆದುಕೊಟ್ಟರು. ಬೇರೆ ಅಕ್ಷರಗಳಿಗೆ ಕೊಂಬು ಬದಿಯಲ್ಲಿ ನಿಲ್ಲುತ್ತದೆ. ಪ, ವ ಮುಂತಾದ ಕೆಲವು ಅಕ್ಷರಗಳಿಗೆ ಅದು ಕೆಳಕ್ಕೆ ಜಾರಿಕೊಂಡು ಹೋಗುತ್ತದೆ. ಹಾಗಾಗಿ ನಮ್ಮ ಕೇಸಿನಲ್ಲಿ ಪು, ವು ಎರಡೂ ಇಡಿಯಾಗಿ ಎರಕವಾಗಿ ಬಂದ ಮೊಳೆಗಳು. ಪು, ತ, ತ-ಒತ್ತು, ಕೊಂಬಿನ ಇಳಿ, ರ, ಕೊಂಬು. ಲೆಕ್ಕ ಹಾಕಿದರೆ ಆರು.

ಸ್ಟಿಕ್ಕಿನಲ್ಲಿ ಮೊಳೆಗಳು ತಲೆಕೆಳಗಾಗಿ ನಿಲ್ಲುತ್ತವೆ. ಎಡದಿಂದ ಬಲಕ್ಕೇ ಜೋಡಿಸಬೇಕು, ಆದರೆ ಅಕ್ಷರದ ಕಾಲು ಮೇಲೆ, ತಲೆ ಕೆಳಗೆ. ಓದುವವರಿಗೆ ಅಡಿಯಲ್ಲಿ ಕಾಣುವ ಒತ್ತು ಕಂಪೋಸಿಟರಿಗೆ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಹದಿನೆಂಟು ವರ್ಷ ನಾನು ಕನ್ನಡವನ್ನು ಹಾಗೆಯೇ ನೋಡಿದವಳು. ಇವತ್ತಿಗೂ ಯಾವುದೇ ಫಲಕ, ಯಾವುದೇ ಕರೆಯೋಲೆ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಒತ್ತಿಗೆ. ಕನ್ನಡದ ಅಚ್ಚಿನ ಚರಿತ್ರೆಯನ್ನು ಎಲ್ಲಿಂದ ಹೇಳಲು ಹೊರಟರೂ ಅದು ಕೊನೆಗೆ ಒತ್ತಕ್ಷರದ ಚರಿತ್ರೆಯೇ ಆಗುತ್ತದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಮೇಲಿನ ಅಕ್ಷರ ಎಲ್ಲಿಯಾದರೂ ನಿಂತೀತು. ಅದರ ಕೆಳಗೆ ಬರುವುದಕ್ಕೆ ಎಲ್ಲಿ ಜಾಗ ಕೊಡುವುದು ಎಂಬ ಪ್ರಶ್ನೆಗೆ ಪ್ರತಿಯೊಂದು ಕಾಲವೂ ತನ್ನದೇ ಉತ್ತರ ಹುಡುಕಬೇಕಾಯಿತು.

ಓಲೆಗರಿಯ ಕಾಲಕ್ಕೆ ಅದು ಪ್ರಶ್ನೆಯೇ ಆಗಿರಲಿಲ್ಲ. ಕಂಟ ಹಿಡಿದ ಕೈ ಅಕ್ಷರ ಮುಗಿಸಿ ಹಾಗೆಯೇ ಕೆಳಗಿಳಿದು ಒತ್ತು ಕೊರೆದು ಮೇಲೆ ಬರುತ್ತಿತ್ತು. ಆಮೇಲೆ ಮಸಿ ಸವರಿ ಒರೆಸಿದರೆ ಅಕ್ಷರ ಎದ್ದು ಕಾಣುತ್ತದೆ. ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಲಿಪಿಗಳು ಉರುಟಾದವು ಎಂದು ತಿಳಿದವರು ಹೇಳುತ್ತಾರೆ. ನಮ್ಮ ಅಜ್ಜಿಯ ಮನೆಯ ಅಟ್ಟದಲ್ಲಿ ಅಂಥ ಒಂದು ಕಟ್ಟು ಇತ್ತು. ಅದರ ಲಿಪಿ ಕನ್ನಡ ಅಲ್ಲವೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಕನ್ನಡಕ್ಕೆ ಸೀಸದ ಮೊಳೆ ಬಂದದ್ದು ಕನ್ನಡದ ನೆಲದಲ್ಲಲ್ಲ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ನಮ್ಮ ಜಿಲ್ಲೆಗೆ ಅಚ್ಚು ಬಂದದ್ದು ಬಾಸೆಲ್ ಮಿಷನ್ನಿನವರಿಂದ. ಅವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಪ್ರೆಸ್ಸು ತೆರೆದರು. ಆದರೆ ಆ ಪ್ರೆಸ್ಸು ಮೊದಲಿಗೆ ಮೊಳೆಯದ್ದಲ್ಲ, ಕಲ್ಲಿನದ್ದು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', ಅಂದರೆ ಕನ್ನಡದ ಮೊಟ್ಟಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಬಂದದ್ದು. ಜಿಡ್ಡಿನ ಶಾಯಿಯಿಂದ ಬರೆದದ್ದು ಕಲ್ಲಿನ ಮೇಲೆ ಕೂರುತ್ತದೆ. ಕಲ್ಲಿಗೆ ನೀರು ಸವರಿ ಮೇಲಿನಿಂದ ಶಾಯಿ ಉರುಳಿಸಿದರೆ ಬರೆದ ಗೆರೆ ಮಾತ್ರ ಶಾಯಿ ಹಿಡಿಯುತ್ತದೆ, ನೀರು ಕುಡಿದ ಜಾಗ ಬಿಡುತ್ತದೆ. ಹಾಗಾಗಿ ಆ ಪತ್ರಿಕೆಯ ಅಕ್ಷರ ಯಾವುದೋ ಒಬ್ಬ ಬರೆಹಗಾರನ ಕೈಬರೆಹ. ಅದರ ಪುಟದ ಚಿತ್ರವನ್ನು ಮೊದಲ ಸಲ ಕಂಡಾಗ ನಾನು ಸುದ್ದಿ ಓದಲಿಲ್ಲ, ಒತ್ತುಗಳನ್ನು ನೋಡಿದೆ. ಕೈ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಿದೆ. ಜಾಗ ಇದ್ದಲ್ಲಿ ಅಕ್ಷರದ ನೇರ ಅಡಿಗೆ, ಇಲ್ಲದಲ್ಲಿ ಸ್ವಲ್ಪ ಬಲಕ್ಕೆ. ಓಲೆಯ ಸ್ವಾತಂತ್ರ್ಯ ಕಲ್ಲಿನ ಮೇಲೂ ಉಳಿದಿತ್ತು.

ಆ ಸ್ವಾತಂತ್ರ್ಯ ಹೋದದ್ದು 1850ರ ದಶಕದಲ್ಲಿ ಮಂಗಳೂರಿಗೆ ಸೀಸದ ಮೊಳೆ ಬಂದ ಮೇಲೆ. ಮೊಳೆ ಎಂದರೆ ಒಂದು ಚೌಕದ ಕಂಬ, ಅದರ ತುದಿಯಲ್ಲಿ ಅಕ್ಷರ. ಕಂಬದ ಪಕ್ಕ ಇನ್ನೊಂದು ಕಂಬವನ್ನು ಇಡಬಹುದು, ಅಡಿಯಲ್ಲಿ ಇಡಲಾಗದು. ಹಾಗಾಗಿ ಒತ್ತು ಬಲಕ್ಕೆ ಸರಿದು ತನ್ನದೇ ಕಂಬ ಏರಿ ನಿಂತಿತು. ಹಳೆಯ ಪುಸ್ತಕ ತೆರೆದು ನೋಡಿ: ಒತ್ತಿನ ತಲೆಯ ಮೇಲೆ ಖಾಲಿ ಜಾಗ ಕಾಣುತ್ತದೆ, ಪದದ ನಡುವೆ ಹಲ್ಲು ಬಿದ್ದ ಹಾಗೆ. ಅದು ಜೋಡಿಸಿದವರ ತಪ್ಪಲ್ಲ, ಸೀಸದ ಗುಣ. ಹೀಗಿದ್ದೂ ಆ ಪ್ರೆಸ್ಸಿನವರು ಮಾಡಿದ ಕೆಲಸಕ್ಕೆ ನಾನು ತಲೆಬಾಗುತ್ತೇನೆ. 1894ರಲ್ಲಿ ಕಿಟೆಲ್ ನಿಘಂಟು ಮಂಗಳೂರಿನಲ್ಲೇ ಅಚ್ಚಾಯಿತು. ಕನ್ನಡ, ಇಂಗ್ಲಿಷು, ಬಳಕೆ ತಪ್ಪಿದ ಱ ಮತ್ತು ೞ, ಎಲ್ಲ ಒಂದೇ ಪುಟದಲ್ಲಿ, ಸಣ್ಣ ಮೊಳೆಯಲ್ಲಿ, ಎರಡು ಕಾಲಮ್ಮು. ಒಂದೊಂದು ಪದಕ್ಕೂ ಒಬ್ಬ ಕಂಪೋಸಿಟರ್ ಕೇಸಿನಿಂದ ಕೇಸಿಗೆ ಕೈ ಚಾಚಿದ್ದಾನೆ. ಮುನ್ನುಡಿಗಳಲ್ಲಿ ಅವರ ಹೆಸರು ಇರುವುದಿಲ್ಲ. ಬೆರಳು ಬಲ್ಲವರಿಗೆ ಪುಟದಲ್ಲಿ ಅವರು ಕಾಣುತ್ತಾರೆ.

ಅದೇ ಪ್ರೆಸ್ಸಿನಿಂದ 1886ರಲ್ಲಿ ಮ್ಯಾನರರ ತುಳು ನಿಘಂಟು ಬಂತು. ಅಲ್ಲಿ ತುಳು ಇದ್ದದ್ದು ಕನ್ನಡದ ಮೊಳೆಯಲ್ಲಿ. ಇದು ಸಣ್ಣ ಸಂಗತಿಯಲ್ಲ. ಮೊಳೆ ಇದ್ದ ಲಿಪಿ ಶಾಲೆಗೆ ಹೋಯಿತು, ಕೋರ್ಟಿಗೆ ಹೋಯಿತು, ಪತ್ರಿಕೆಗೆ ಹೋಯಿತು. ಮೊಳೆ ಇಲ್ಲದ ಲಿಪಿ ನಮ್ಮ ಅಜ್ಜಿಯ ಅಟ್ಟದಲ್ಲಿ ಉಳಿಯಿತು.

ಪುತ್ತೂರಿನ ಅಚ್ಚಿನ ಮಾತು ಬಂದರೆ ಶಿವರಾಮ ಕಾರಂತರನ್ನು ಬಿಟ್ಟು ಮುಂದೆ ಹೋಗಲಾಗದು. ಪರ್ಲಡ್ಕದ ಬಾಲವನದಲ್ಲಿ ಅವರು ಮಕ್ಕಳಿಗೆ ಪಾಠ ಮಾಡಿದ್ದು, ಯಕ್ಷಗಾನ ಕುಣಿದದ್ದು ಎಲ್ಲರಿಗೂ ಗೊತ್ತು. 1930 ಮತ್ತು 40ರ ದಶಕಗಳಲ್ಲಿ ಅವರು ಮುದ್ರಣಕ್ಕೂ ಕೈ ಹಾಕಿ ಪ್ರಯೋಗ ಮಾಡಿದರು, ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿದರು, ಕೈಯಿಂದ ಹಣ ಕಳೆದುಕೊಂಡರು. ನಷ್ಟ ಯಾಕಾಯಿತು ಎಂದು ಸಾಹಿತ್ಯದವರು ಕೇಳಬಹುದು, ಪ್ರೆಸ್ಸಿನವರಿಗೆ ಆಶ್ಚರ್ಯವಿಲ್ಲ. ಸಣ್ಣ ಊರಿನ ಪ್ರೆಸ್ಸಿನಲ್ಲಿ ಇಡೀ ಕಾದಂಬರಿಗೆ ಆಗುವಷ್ಟು ಮೊಳೆ ಎಂದಿಗೂ ಇರುವುದಿಲ್ಲ. ಎಂಟು ಪುಟ ಜೋಡಿಸುವುದು, ಪ್ರೂಫು ತೆಗೆದು ತಿದ್ದುವುದು, ಚೇಸಿನಲ್ಲಿ ಬಿಗಿದು ಅಚ್ಚು ಹಾಕುವುದು, ಮೊಳೆ ತೊಳೆದು ಬಿಚ್ಚಿ ಮತ್ತೆ ಅದರದರ ಮನೆಗೆ ಹಾಕುವುದು. ಆಮೇಲಷ್ಟೇ ಒಂಬತ್ತನೆಯ ಪುಟ. ಮಳೆಗಾಲದಲ್ಲಿ ಕಾಗದ ಒದ್ದೆ ಹೀರಿ ಉಬ್ಬುತ್ತದೆ, ಶಾಯಿ ಒಣಗುವುದಿಲ್ಲ. ನಮ್ಮ ಕಡೆ ಮಳೆಗಾಲ ಎಂದರೆ ವರ್ಷದ ಮೂರನೆಯ ಒಂದು ಪಾಲು. ಇಷ್ಟರಲ್ಲಿ ಮೊದಲ ಪುಟಗಳು ಕಟ್ಟಾಗಿ ಮೂಲೆಯಲ್ಲಿ ಬಿದ್ದಿರುತ್ತವೆ, ಅದಕ್ಕೆ ಹಾಕಿದ ದುಡ್ಡೂ ಬಿದ್ದಿರುತ್ತದೆ. ಅಷ್ಟಾದರೂ ಒಬ್ಬ ಬರೆಹಗಾರ ತನ್ನ ಮಾತು ಸೀಸವಾಗಿ ನಿಲ್ಲುವುದನ್ನು ಹತ್ತಿರದಿಂದ ನೋಡಬೇಕು ಎಂದು ಬಯಸಿದರಲ್ಲ, ಆ ಆಸೆ ನನಗೆ ಅರ್ಥವಾಗುತ್ತದೆ.

ನಮ್ಮ ಪ್ರೆಸ್ಸಿಗೆ ಕಾದಂಬರಿ ಬರುತ್ತಿರಲಿಲ್ಲ. ಮದುವೆ ಕಾಗದ, ಸೊಸೈಟಿಯ ರಶೀದಿ ಪುಸ್ತಕ, ಯಕ್ಷಗಾನದ ಕರಪತ್ರ, ಜಾತ್ರೆಯ ಆಮಂತ್ರಣ. ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ಮಾರ್ಗಶಿರದಲ್ಲಿ ಸುಬ್ರಹ್ಮಣ್ಯದ ಷಷ್ಠಿ. ಸುಬ್ರಹ್ಮಣ್ಯ ಎಂಬ ಹೆಸರನ್ನು ಅಣ್ಣ ನನಗೆ ಜೋಡಿಸಲು ಕೊಟ್ಟದ್ದು ಎರಡು ವಾರ ಕಳೆದ ಮೇಲೆ. ಎಂಟು ಮೊಳೆ, ಅದರಲ್ಲಿ ಮೂರು ಒತ್ತು. ಹ ಅಕ್ಷರಕ್ಕೆ ಮ-ಒತ್ತು. ಬಾಯಿಯಲ್ಲಿ ನಾವು ಮಕಾರವನ್ನು ಮೊದಲು ಹೇಳುತ್ತೇವೆ, ಅದಕ್ಕೇ ಬರೆಯುವವರೂ ಮ ಹಾಕಿ ಹ-ಒತ್ತು ಕೊಟ್ಟು ತರುತ್ತಿದ್ದರು. ತಿದ್ದಿ ಜೋಡಿಸುವ ಜವಾಬ್ದಾರಿ ನಮ್ಮದು. ಆಗ ಸುಬ್ರಹ್ಮಣ್ಯ ಸುಳ್ಯ ತಾಲೂಕಿನಲ್ಲಿತ್ತು, ಕಡಬ ಪುತ್ತೂರಿನಲ್ಲಿತ್ತು. ಈಗ ಕಡಬವೇ ತಾಲೂಕು, ಸುಬ್ರಹ್ಮಣ್ಯ ಅದರೊಳಗೆ. ಮೂರು ಮೊಳೆಯ ಊರಿನ ಮಡಿಲಿಗೆ ಎಂಟು ಮೊಳೆಯ ಊರು.

ಷಷ್ಠಿಯ ಸಮಯದಲ್ಲಿ ಮ-ಒತ್ತು ಮುಗಿಯುತ್ತಿತ್ತು. ಫೌಂಡ್ರಿಯಿಂದ ಬರುವ ಸೆಟ್ಟಿನಲ್ಲಿ ಅದು ಅಷ್ಟೊಂದು ಇರುವುದಿಲ್ಲ. ಒಂದೇ ಆಮಂತ್ರಣದಲ್ಲಿ ಸುಬ್ರಹ್ಮಣ್ಯ ಎಂದು ಇಪ್ಪತ್ತು ಸಲ ಬರುತ್ತದೆಂದು ಫೌಂಡ್ರಿಯವರಿಗೆ ಗೊತ್ತಿಲ್ಲ. ಹಾಗೆ ಮೊಳೆ ಸಾಲದೆ ಹೋದಾಗ ಅಷ್ಟೇ ದಪ್ಪದ ಬೇರೊಂದು ಮೊಳೆಯನ್ನು ತಲೆಕೆಳಗು ಮಾಡಿ, ಅದರ ಬುಡ ಮೇಲೆ ಬರುವಂತೆ ಇಡಬೇಕು. ಪ್ರೂಫಿನಲ್ಲಿ ಅಲ್ಲಿ ಅಕ್ಷರದ ಬದಲು ಕಪ್ಪು ಗುರುತು ಬೀಳುತ್ತದೆ. ಇಲ್ಲಿ ಒಂದು ಅಕ್ಷರ ಬರಲಿಕ್ಕುಂಟು, ಜಾಗ ಕಾದಿರಿಸಿದೆ ಎಂದು ಅದರ ಅರ್ಥ. ಒಂದು ವರ್ಷ ಅಂಥ ಗುರುತೊಂದನ್ನು ತುಂಬಿಸಲು ಮರೆತು ಐನೂರು ಪ್ರತಿ ಅಚ್ಚಾಯಿತು, ತಪ್ಪು ನನ್ನದು. ಅಣ್ಣ ಬೈಯಲಿಲ್ಲ. ಇಬ್ಬರೂ ರಾತ್ರಿ ಕೂತು, ಐನೂರು ಕಾಗದಕ್ಕೂ ಒತ್ತನ್ನು ಪೆನ್ನಿನಲ್ಲಿ ಬರೆದೆವು. ಮುನ್ನೂರರ ಹೊತ್ತಿಗೆ ನನ್ನ ಕೈಯ ಮ-ಒತ್ತು ಮೊಳೆಯದ್ದಕ್ಕಿಂತ ಚಂದ ಬರತೊಡಗಿತ್ತು. ಆ ರಾತ್ರಿಯಿಂದ ನನಗೆ ಅಕ್ಷರದ ಆಕಾರವೆಂಬುದು ಯಾರೋ ಒಬ್ಬರು ಕೂತು ಮಾಡಿದ್ದು ಎಂಬ ತಿಳಿವು ಬಂತು.

ಆಗಿನ ಪುತ್ತೂರಿನಲ್ಲಿ ಅಕ್ಷರ ಮಾಡುವವರು ಇನ್ನೂ ಒಂದು ಬಗೆಯವರಿದ್ದರು, ಬೋರ್ಡು ಬರೆಯುವವರು. ಅವರು ಸೀಮೆಸುಣ್ಣ ಹಚ್ಚಿದ ನೂಲನ್ನು ಮೀಟಿ ತಗಡಿನ ಮೇಲೆ ಮೂರು ಗೆರೆ ಹಾಕುತ್ತಿದ್ದರು. ಎರಡು ಗೆರೆ ಅಕ್ಷರಕ್ಕೆ, ಮೂರನೆಯದು ಒತ್ತಿಗೆ. ಬಸ್ಸಿನ ಬೋರ್ಡಿನಲ್ಲಿ ಸುಳ್ಯ ಎಂದು ಬರೆಯುವಾಗ ಯ-ಒತ್ತಿನ ಬಾಲವನ್ನು ಬಲಕ್ಕೆ ಎಳೆದು, ಮೇಲಕ್ಕೆತ್ತಿ, ಪದಕ್ಕೊಂದು ಹಿಡಿಕೆ ಇಟ್ಟ ಹಾಗೆ ಮಾಡುತ್ತಿದ್ದರು. ದೂರದಿಂದ ಅಕ್ಷರ ಓದಲಾಗದಿದ್ದರೂ ಆ ಬಾಲ ಕಂಡರೆ ಸುಳ್ಯದ ಬಸ್ಸು ಎಂದು ತಿಳಿಯುತ್ತಿತ್ತು. ಓದಲು ಬಾರದ ನಮ್ಮ ಅಜ್ಜಿಯೂ ಹಾಗೆಯೇ ಗುರುತು ಹಿಡಿಯುತ್ತಿದ್ದರು. ಅಕ್ಷರವಿನ್ಯಾಸ ಎಂಬ ಮಾತು ನಮಗೆ ಯಾರಿಗೂ ಗೊತ್ತಿರಲಿಲ್ಲ, ಆದರೆ ವಿನ್ಯಾಸ ಎಂದರೆ ಅದೇ.

1980ರ ದಶಕದಲ್ಲಿ ನಮ್ಮ ಸೀಮೆಗೆ ಅಚ್ಚಿನ ಹಸಿವು ಹೆಚ್ಚಾಯಿತು. ಸುಳ್ಯದಿಂದ 'ಸುದ್ದಿ ಬಿಡುಗಡೆ' ಪತ್ರಿಕೆ ಹೊರಟಿತು. 1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಹೊರಟು, ತೋಟದಲ್ಲಿ ಕೆಲಸ ಮಾಡುವವರೇ ಬರೆಯತೊಡಗಿದರು. ಬರೆಯುವವರು ಹೆಚ್ಚಾದ ಅದೇ ಕಾಲಕ್ಕೆ ಸೀಸ ಹಿಂದೆ ಸರಿಯಿತು. ನಮ್ಮ ಟ್ರೆಡಲ್ ಯಂತ್ರ ನಿಂತದ್ದು 1997ರಲ್ಲಿ. ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಕೊಟ್ಟರು. ಅಣ್ಣ ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ಒಂದು ತ-ಒತ್ತು, ಒಂದು ಯ-ಒತ್ತು, ಒಂದು ಮ-ಒತ್ತು ಕೇಳಿ ತೆಗೆದುಕೊಂಡೆ. ಇವತ್ತಿಗೂ ನನ್ನ ಕುಂಕುಮದ ಭರಣಿಯ ಪಕ್ಕದಲ್ಲಿವೆ.

ಆಮೇಲೆ ಕಂಪ್ಯೂಟರ್. ನಲವತ್ತರ ಹತ್ತಿರ ಬಂದು ಹೊಸದಾಗಿ ಕಲಿಯುವುದೆಂದರೆ ಹೆದರಿಕೆಯೇ. ಆದರೆ ಕೀಲಿಮಣೆಯ ಮುಂದೆ ಕೂತ ಮೊದಲ ದಿನವೇ ನನಗೆ ಅದು ಪರಿಚಯದ ಜಾಗ ಅನಿಸಿತು. ಅದಕ್ಕೆ ಕಾರಣ ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರೂ ಕೆ. ಪಿ. ರಾವ್ ಎನ್ನುವವರು. ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ 26 ಕೀಲಿಗಳಲ್ಲಿ ಕೂರಿಸಿದವರು ಅವರು. ಎಫ್ ಕೀಲಿಯನ್ನು ಕೊಂಡಿ ಮಾಡಿದರು. ಎರಡು ವ್ಯಂಜನಗಳ ನಡುವೆ ಅದನ್ನು ಒತ್ತಿದರೆ ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ. ನಾನು ಮೊದಲು ಮಾಡಿದ್ದೇನು? ಕಡಬ. ಕೆ, ಡಬ್ಲ್ಯು, ಬಿ. ಮೂರೇ ಕೀಲಿ. ಸುಳ್ಯಕ್ಕೆ ಐದು, ಪುತ್ತೂರಿಗೆ ಎಂಟು, ಸುಬ್ರಹ್ಮಣ್ಯಕ್ಕೆ ಹನ್ನೊಂದು. ಅಣ್ಣ ಹೇಳಿಕೊಟ್ಟ ಕ್ರಮವೇ ಇಲ್ಲೂ ನಡೆಯಿತು. ರಾವ್ ಅವರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ಪುತ್ತೂರು ಸೀಮೆಯ ಪಂಡಿತ, ಛಂದಸ್ಸಿನ ಆಳ ಕಂಡ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಅದನ್ನು ಅವರು ಹಣಕ್ಕೆ ಮಾರಲಿಲ್ಲ. ಮುಂದೆ ಸರ್ಕಾರ ಅದೇ ಕೀಲಿಮಣೆಯ ವಿನ್ಯಾಸವನ್ನು ಒಪ್ಪಿತು. ಪುತ್ತೂರಿನ ಒಂದು ಮನೆತನದ ಹೆಸರಿನಲ್ಲಿ ಕನ್ನಡ ಟೈಪಿಸಿದವರಿದ್ದಾರೆ ಎಂಬುದು ಇಲ್ಲಿನ ಎಷ್ಟೋ ಜನರಿಗೆ ತಿಳಿಯದು. ತಿಳಿಯಬೇಕು ಎಂಬುದು ನನ್ನ ಆಸೆ.

ಆದರೆ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸೀಸದ ಕಟ್ಟುಪಾಡು ಹಾಗೆಯೇ ಉಳಿದಿತ್ತು. ಅಲ್ಲಿಯೂ ತ-ಒತ್ತಿಗೆ ಬೇರೆ ಮನೆ, ಕೊಂಬಿಗೆ ಬೇರೆ ಮನೆ. ಕಂಪ್ಯೂಟರಿಗೆ ಪುತ್ತೂರು ಎಂಬ ಪದ ಗೊತ್ತಿಲ್ಲ, ಪಕ್ಕ ಪಕ್ಕ ಇಟ್ಟ ತುಂಡುಗಳು ಮಾತ್ರ ಗೊತ್ತು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ನೆಲಕ್ಕೆ ಬಿದ್ದ ಮೊಳೆಯ ಗ್ಯಾಲಿಯ ಹಾಗೆ ಎಲ್ಲ ಚೆಲ್ಲಾಪಿಲ್ಲಿ. ಯುನಿಕೋಡ್ ಅದನ್ನು ಬದಲಿಸಿತು. ಕನ್ನಡಕ್ಕೆ 1991ರಲ್ಲೇ ಅದರಲ್ಲಿ ಜಾಗ ಸಿಕ್ಕಿದ್ದರೂ ನಮ್ಮಂಥವರ ಮೇಜಿಗೆ ಅದು ಬಂದದ್ದು ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂದ ಮೇಲೆ. ಅಲ್ಲಿ ಒತ್ತಿಗೆ ಪ್ರತ್ಯೇಕ ಸಂಕೇತವೇ ಇಲ್ಲ. ತ, ಕೊಂಡಿ, ತ ಎಂದು ಉಚ್ಚಾರದ ಕ್ರಮದಲ್ಲಿ ಇಟ್ಟುಕೊಂಡರೆ ಸಾಕು. ಒತ್ತನ್ನು ಎಲ್ಲಿ, ಹೇಗೆ ಕೂರಿಸುವುದೆಂಬುದು ಫಾಂಟು ಮಾಡಿದವರಿಗೆ ಬಿಟ್ಟದ್ದು. ನೂರೈವತ್ತು ವರ್ಷ ಕಂಬ ಏರಿ ನಿಂತಿದ್ದ ಒತ್ತಿಗೆ ಮತ್ತೆ ಅಕ್ಷರದ ಅಡಿಗೆ ಬರುವ ದಾರಿ ತೆರೆಯಿತು. ಎಡವಟ್ಟುಗಳೂ ಆದವು. ಕಿಟೆಲ್ ನಿಘಂಟಿನ ೞ ಅಕ್ಷರಕ್ಕೆ ಯುನಿಕೋಡಿನಲ್ಲಿ ತಪ್ಪಿ 'ಫ' ಎಂಬ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬ ನಿಯಮದಿಂದ ಪಕ್ಕದಲ್ಲಿ ತಿದ್ದುಪಡಿಯ ಹೆಸರು ಬರೆದು ಬಿಟ್ಟಿದ್ದಾರೆ. ಕಿಟೆಲ್ಲರ ಕಂಪೋಸಿಟರ್ ಆಗಿದ್ದರೆ ಪ್ರೂಫಿನಲ್ಲೇ ಹಿಡಿಯುತ್ತಿದ್ದ.

ಈಗ ಮದುವೆ ಕಾಗದ ಮಾಡಿಸಲು ಬರುವ ಹುಡುಗರು ಮುಂಬಯಿಯ ಏಕ್ ಟೈಪ್ ತಂಡದ 'ಬಲೂ ತಮ್ಮ' ಫಾಂಟು ಬೇಕೆನ್ನುತ್ತಾರೆ, ವೈಷ್ಣವಿ ಮೂರ್ತಿಯವರು ಹುವಾನ್ ಲೂಯಿಸ್ ಬ್ಲಾಂಕೋ ಜೊತೆ ಮಾಡಿದ 'ಅಕಾಯ ಕನ್ನಡಕ' ಬೇಕೆನ್ನುತ್ತಾರೆ. ಹೊಸ ಫಾಂಟು ಕಂಡರೆ ನಾನು ಮೊದಲು ಸುಬ್ರಹ್ಮಣ್ಯ ಎಂದು ಬರೆದು ನೋಡುತ್ತೇನೆ. ಮೂರು ಒತ್ತೂ ಒಂದೇ ಕೈಯಿಂದ ಬಂದ ಹಾಗಿದ್ದರೆ ಅದನ್ನು ಬಳಸುತ್ತೇನೆ, ಇಲ್ಲದಿದ್ದರೆ ಇಲ್ಲ.

ಅಟ್ಟದ ಓಲೆಕಟ್ಟಿನ ಲಿಪಿಯನ್ನು ಓದಿದವರು ಅದು ತಿಗಳಾರಿ ಎಂದರು. ನಮ್ಮಲ್ಲಿ ತುಳು ಲಿಪಿ ಎಂದೂ ಹೇಳುತ್ತಾರೆ. ನೋಡಲು ಮಲಯಾಳಕ್ಕೆ ಹತ್ತಿರ. ಈಗ ನಮ್ಮ ಕಡೆಯ ದೇವಸ್ಥಾನ, ತರವಾಡು ಮನೆಗಳ ಮುಂದೆ ಕನ್ನಡದ ಜೊತೆ ಆ ಲಿಪಿಯ ಫಲಕಗಳು ಏಳುತ್ತಿವೆ. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೆಯ ಆವೃತ್ತಿಗೆ 'ತುಳು-ತಿಗಳಾರಿ' ಎಂಬ ಹೆಸರಿನಲ್ಲಿ 80 ಸಂಕೇತಗಳು ಸೇರಿದವು. ಅದಕ್ಕಾಗಿ ವರ್ಷಗಟ್ಟಲೆ ಓಲೆ ನೋಡಿ ಪ್ರಸ್ತಾವ ಸಿದ್ಧ ಮಾಡಿದವರಲ್ಲಿ ಅದೇ ವೈಷ್ಣವಿ ಮೂರ್ತಿ, ವಿನೋದ್ ರಾಜನ್ ಇದ್ದಾರೆ. ಮೊಳೆ ಸಿಗದೆ ಅಟ್ಟ ಸೇರಿದ್ದ ಲಿಪಿಗೆ ಕೊನೆಗೂ ಒಂದು ಕೇಸು ಸಿಕ್ಕಿತು.

ತಮ್ಮನ ಮಗಳು ಪುತ್ತೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಕಳೆದ ವರ್ಷ ಒಂದು ಸಂಜೆ ಆ ಲಿಪಿಯಲ್ಲಿ ಪುತ್ತೂರು ಎಂದು ಬರೆದು ನನ್ನ ಮೊಬೈಲಿಗೆ ಕಳಿಸಿದಳು. ನನ್ನದು ಹಳೆಯ ಫೋನು, ಅದರಲ್ಲಿ ಆ ಫಾಂಟಿಲ್ಲ. ಸಾಲಾಗಿ ಖಾಲಿ ಚೌಕಗಳು ಮಾತ್ರ ಬಂದವು. "ಮಾಮಿ, ಎಂತ ಕಾಣ್ತದೆ?" ಎಂದು ಫೋನು ಮಾಡಿ ಕೇಳಿದಳು. ನಾನು ಚೌಕಗಳನ್ನು ಎಣಿಸುತ್ತಿದ್ದೆ. ತಲೆಕೆಳಗಿಟ್ಟ ಮೊಳೆಯ ಗುರುತುಗಳು, ಒಂದೊಂದೂ ಒಂದು ಅಕ್ಷರಕ್ಕೆ ಕಾದಿರಿಸಿದ ಜಾಗ.

"ಪ್ರೂಫು ಬಂದಿದೆ ಮಗಾ," ಎಂದೆ, "ಮೊಳೆ ಬರಲಿಕ್ಕುಂಟು."